ಕಾಲುವೆಗೆ ಬೀಳುತ್ತಿದ್ದ ಚೆಂಡು

ಚೆಂಡು ಕಾಲುವೆಗೆ ಬಿತ್ತು. ಕಾಲೇಜಿಗೆ ಇದ್ದದ್ದು ಅದೊಂದೇ ಒಳ್ಳೆಯ ಚೆಂಡು.

ದೇವಕಮ್ಮ ದಂಡೆಯ ಮೇಲೆ ಬಿದ್ದೆನೋ ಎದ್ದೆನೋ ಎಂದು ಓಡಿದಳು. ನೀರು ತುಂಬಿ ಹರಿಯುತ್ತಿತ್ತು. ಚೆಂಡು ಅವಳಿಗಿಂತ ನಾಲ್ಕು ಮಾರು ಮುಂದೆ ಆರಾಮಾಗಿ ತೇಲಿಕೊಂಡು ಹೊರಟಿತ್ತು. ಇಳಿದೇಬಿಡಲೇ? ಸೊಂಟದ ಮಟ್ಟ ಇದ್ದೀತು... ಒಂದು ಕಾಲನ್ನು ಇಳಿಜಾರಿನ ಕಲ್ಲಿನ ಮೇಲೆ ಇಟ್ಟಳು.

"ಕಾಲ್ ಮ್ಯಾಲ ತಗೀರಿ. ಅಲ್ಲಿ ಪಾಚಿ ಅದ."

ಅವಳು ತಲೆ ಎತ್ತಿ ನೋಡಿದಳು. ಕಾಲುವೆಯ ಗೇಟಿನ ಕಟ್ಟೆಯ ಮೇಲೆ ಒಬ್ಬ ತರುಣ ನಿಂತಿದ್ದ. ಕೈಯಲ್ಲಿ ಗೇಟಿಗೆ ಸಿಕ್ಕಿಕೊಳ್ಳುವ ಕಸ ಎಳೆಯುವ ಉದ್ದನೆಯ ಕೊಕ್ಕೆಕೋಲು. ಅವನು ಅವಸರವೇ ಇಲ್ಲದೆ ಕೋಲು ಚಾಚಿ, ಚೆಂಡನ್ನು ದಂಡೆಗೆ ತಂದು, ಲುಂಗಿಗೆ ಒರೆಸಿ ಅವಳ ಮುಂದೆ ಹಿಡಿದ.

"ಈಜಾಕ ಬರ್ತದೇನ್ರಿ?"

"ಇಲ್ಲ."

"ಮತ್ತ ಇಳಿಯಾಕ ಹೊಂಟಿದ್ರಿ?"

"ಚೆಂಡು ಹೋಗಾಕತ್ತಿತ್ತಲ್ಲ."

"ಚೆಂಡು ಹೋದ್ರ ಮುಂದಿನ ಗೇಟಿನ್ಯಾಗ ಸಿಗ್ತದ. ಮನಷ್ಯಾರು ಸಿಗಂಗಿಲ್ರಿ."

ಎಷ್ಟು ಸೊಕ್ಕು ಇವನಿಗೆ... ದೇವಕಮ್ಮ ಚೆಂಡು ಕಸಿದುಕೊಂಡು ತಿರುಗಿ ನೋಡದೆ ಬಂದಳು. ಥ್ಯಾಂಕ್ಸ್ ಹೇಳಲಿಲ್ಲ ಎಂಬುದು ಅವಳಿಗೆ ನೆನಪಾದದ್ದು ಮನೆಯಲ್ಲಿ ಊಟಕ್ಕೆ ಕೂತಾಗ.

ಅವನ ಹೆಸರು ಮರಿಲಿಂಗಪ್ಪ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಕಡೆಯಿಂದ ದಿನಗೂಲಿಗೆ ಬಂದು ಆ ಗೇಟು ನೋಡಿಕೊಳ್ಳುತ್ತಿದ್ದ. ಯಾವ ಹೊಲಕ್ಕೆ ಯಾವ ದಿನ ನೀರಿನ ಸರದಿಯೋ ಆ ದಿನ ಗೇಟು ಎತ್ತುವುದು, ಸರದಿ ಮುಗಿದರೆ ಇಳಿಸುವುದು ಅವನ ಕೆಲಸ.

ಶಹಾಪುರದ ಆ ಕಾಲೇಜಿನಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿ ಅದೇ ಮೊದಲ ವರ್ಷ. ಆಟ ಕಲಿಸುವ ಪಾರ್ವತೆಮ್ಮ ಮೇಡಂ ಮನೆಮನೆಗೆ ಹೋಗಿ, ಚಹಾ ಕುಡಿದು ಕುಡಿದು ಹೊಟ್ಟೆ ಕೆಡಿಸಿಕೊಂಡು, ಹನ್ನೊಂದು ಜನರನ್ನು ಒಟ್ಟು ಮಾಡಿದ್ದರು. ಎಲ್ಲ ಮನೆಗಳದ್ದೂ ಒಂದೇ ಶರತ್ತು. ಹೊತ್ತು ಮುಳುಗುವುದರೊಳಗೆ ಹುಡುಗಿ ಮನೆಯಲ್ಲಿರಬೇಕು. ಯಾದಗಿರಿ, ಸುರಪುರ ಅಂದರೆ ಆಯಿತು, ಮುಂಜಾನೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರಬಹುದು. ರಾತ್ರಿ ಉಳಿಯುವ ಊರಾದರೆ ಆಟವೇ ಬೇಡ.

ತಂಡದ ನಾಯಕಿ ದೇವಕಮ್ಮ. ಅಪ್ಪ ಅವ್ವ ಇಲ್ಲ. ನೆಲ್ಲು ನಾಟಿಗೆ ಹೋಗುವ ಅಜ್ಜಿ ತಿಮ್ಮವ್ವನೇ ಎಲ್ಲ. ದೇವಕಮ್ಮ 'ಅಮ್ಮ' ಎಂದೇ ಕರೆಯುವ ಆ ಅಜ್ಜಿಯೂ ಅದೇ ಶರತ್ತು ಹಾಕಿದ್ದಳು.

ಪಂದ್ಯದ ಮೇಲೆ ಪಂದ್ಯ ಗೆದ್ದರು. ಯಾರೂ ನಂಬಿರಲಿಲ್ಲ, ಅವರೂ ನಂಬಿರಲಿಲ್ಲ. ಇತ್ತ ಅಭ್ಯಾಸದ ಹೊತ್ತಿನಲ್ಲಿ ಚೆಂಡು ಮಾತ್ರ ವಾರಕ್ಕೆ ಎರಡು ಸಲವಾದರೂ ಕಾಲುವೆಗೆ ಬೀಳುತ್ತಿತ್ತು. ತರಲು ದೇವಕಮ್ಮನೇ ಹೋಗುತ್ತಿದ್ದಳು.

"ನಿನ್ನ ಪೆನಾಲ್ಟಿ ಒಂದೂ ತಪ್ಪಂಗಿಲ್ಲ. ಈ ಚೆಂಡು ಮಾತ್ರ ಹ್ಯಾಂಗ ಬರೊಬ್ಬರಿ ಗೇಟಿನ ಕಡೆನ ಹೋಗ್ತದ?" ಎಂದು ಗೋಲು ಕಾಯುವ ಮಸ್ತಾನಬಿ ಕಣ್ಣು ಮಿಟುಕಿಸುತ್ತಿದ್ದಳು.

"ಗಾಳಿ ಅದ," ಎನ್ನುತ್ತಿದ್ದಳು ದೇವಕಮ್ಮ.

"ಹೌದೌದು. ಗಾಳಿಗೆ ಲುಂಗಿ ಉಡಿಸ್ಯಾರ."

ಗೇಟಿನ ಹತ್ತಿರ ಅಂಥ ಮಾತೇನೂ ನಡೆಯುತ್ತಿರಲಿಲ್ಲ. ಇವತ್ತು ನೀರು ಎಷ್ಟು ಅದ, ನಿನ್ನೆ ಎಷ್ಟು ಗೋಲು ಆತು... ಅಷ್ಟೇ. ಆದರೂ ಆ ಎರಡು ಮಾತು ದೇವಕಮ್ಮನಿಗೆ ಎರಡು ದಿನಕ್ಕೆ ಸಾಕಾಗುತ್ತಿದ್ದವು.

ಸುರಪುರದಲ್ಲಿ ಸೆಮಿಫೈನಲ್. ಕೊನೆಯ ನಿಮಿಷದ ಪೆನಾಲ್ಟಿಯನ್ನು ದೇವಕಮ್ಮ ಗೋಲಿಗೆ ಹೊಡೆದಳು. ಫೈನಲ್ ಯಾದಗಿರಿ ಕಾಲೇಜಿನ ಜೊತೆ, ಅದೂ ಶಹಾಪುರದ ಇದೇ ಮೈದಾನದಲ್ಲಿ. ಬಸ್ಸಿನಲ್ಲಿ ಹಾಡಿಕೊಂಡು ಬಂದ ಹುಡುಗಿಯರ ಬಾಯಿ ಮರುದಿನ ಟೂರ್ನಿ ನಡೆಸುವವರಿಂದ ಬಂದ ಪತ್ರ ಮುಚ್ಚಿಸಿತು.

ಅವರ ಮೈದಾನ ಎರೆ ಭೂಮಿ. ಬೇಸಿಗೆ ಬಂದರೆ ಕೈ ಹೋಗುವಷ್ಟು ಬಿರುಕು. ಇಲ್ಲಿ ನಡೆದ ಹಿಂದಿನ ಪಂದ್ಯದಲ್ಲಿ ಎದುರು ತಂಡದ ಹುಡುಗಿಯೊಬ್ಬಳ ಕಾಲು ಬಿರುಕಿನಲ್ಲಿ ಸಿಕ್ಕು ಉಳುಕಿತ್ತು. ಹನ್ನೆರಡು ದಿನ ಬಿಟ್ಟು ಮೈದಾನ ನೋಡಲು ಬರುತ್ತೇವೆ, ಬಿರುಕು ಹಾಗೇ ಇದ್ದರೆ ಫೈನಲ್ ಕಲಬುರಗಿಯಲ್ಲಿ, ಎರಡು ರಾತ್ರಿ ಉಳಿಯಬೇಕು ಎಂದು ಪತ್ರದಲ್ಲಿತ್ತು.

ಮೇಡಂ ಕೇಳಿದರು. "ಕಲಬುರಗಿ ಆದ್ರ ಯಾರ್‍ಯಾರು ಬರ್ತೀರಿ?"

ನಾಲ್ಕು ಕೈ ಎದ್ದವು. ನಾಯಕಿಯ ಕೈ ಅದರಲ್ಲಿ ಇರಲಿಲ್ಲ.

ಆ ಸಂಜೆ ಚೆಂಡಿಲ್ಲದೆಯೇ ದೇವಕಮ್ಮ ಗೇಟಿನ ಹತ್ತಿರ ಹೋದಳು. ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು. ಮರಿಲಿಂಗಪ್ಪ ಮೈದಾನದ ಕಡೆ ನೋಡಿದ, ಕಾಲುವೆಯ ನೀರಿನ ಕಡೆ ನೋಡಿದ.

"ಎಷ್ಟು ದಿನ ಅದಾವಂದ್ರಿ?"

"ಹನ್ನೆರಡು."

"ನಾಳೆ ಮುಂಜಾನಿಗೆ ಕೆನಾಲ್ ಬಂದ್ ಆಗ್ತದ. ಮತ್ತ ಮಳಿಗಾಲಕ್ಕ ನೀರು," ಎಂದ ಅವನು, ಅವಳಿಗಲ್ಲ, ತನಗೇ ಹೇಳಿಕೊಂಡಂತೆ.

ನಾನು ಅಳುತ್ತಿದ್ದರೆ ಇವನಿಗೆ ಕಾಲುವೆಯ ಚಿಂತೆ... ದೇವಕಮ್ಮ ಮುಖ ಒರೆಸಿಕೊಂಡು ಎದ್ದು ನಡೆದಳು.

ಮರುದಿನ ಬೆಳಗ್ಗೆ ಮೈದಾನಕ್ಕೆ ಬಂದವರು ಕಾಲೇಜಿನ ಗೇಟಿನಲ್ಲೇ ನಿಂತರು. ಮೈದಾನ ಇರಲಿಲ್ಲ. ಗೋಲಿನ ಕಂಬಗಳು ನೀರಿನಲ್ಲಿ ನಿಂತಿದ್ದವು. ಒಂದು ಕೊಕ್ಕರೆ ಬೇರೆ ನಡುಮಧ್ಯೆ ಓಡಾಡುತ್ತಿತ್ತು. ಮೂಲೆಯಲ್ಲಿ ಎರಡು ಟ್ರ್ಯಾಲಿ ಭತ್ತದ ಹೊಟ್ಟು ಯಾರೋ ಸುರಿದಿದ್ದರು.

ಕಾಲುವೆಯ ದಂಡೆಯಲ್ಲಿ ಸಲಿಕೆ ಹಿಡಿದು, ಮೊಣಕಾಲತನಕ ಕೆಸರಾಗಿ ನಿಂತಿದ್ದವನು ಮರಿಲಿಂಗಪ್ಪ.

"ನೀವ ಬಿಟ್ಟೀರೇನು ನೀರು?"

"ಹೌದ್ರಿ. ದೇವಕಮ್ಮಾರ, ಒಂದ್ ಮಾತು ಕೇಳ್ರಿ..."

"ಏನ್ ಕೇಳೂದದ? ನಿನ್ನಿ ನಿಮ್ಮ ಮುಂದನ ಅತ್ತೀನಿ. ಇದ್ದ ಒಂದು ಮೈದಾನನೂ ಗದ್ದಿ ಮಾಡಿಬಿಟ್ರಿ. ನಾವು ಆಡೂದು ನಿಮಗ ಅಷ್ಟು ಕಣ್ಣಿಗೆ ಚುಚ್ಚತಿತ್ತೇನು?"

ಸಿಟ್ಟು ಬಂದಾಗ ದೇವಕಮ್ಮನಿಗೆ ಕಿವಿ ಕೇಳುವುದಿಲ್ಲ. ಅದು ಅವಳ ಅಜ್ಜಿಗೂ ಗೊತ್ತು, ತಂಡಕ್ಕೂ ಗೊತ್ತು. ಪಾಪ, ಅವನಿಗೆ ಗೊತ್ತಿರಲಿಲ್ಲ. ಇನ್ನೆರಡು ಸಲ ಹೇಳಲು ನೋಡಿ, ಸಲಿಕೆ ಹೆಗಲಿಗೇರಿಸಿಕೊಂಡು ಹೋದ.

ಮಧ್ಯಾಹ್ನವೇ ನೀರಾವರಿ ಸಾಹೇಬರಿಗೆ ಅರ್ಜಿ ಹೋಯಿತು. ತಂಡದಲ್ಲಿ ಚಂದ ಅಕ್ಷರ ದೇವಕಮ್ಮನದು, ಬರೆದವಳೂ ಅವಳೇ. ಮೂರನೇ ದಿನ ಸುದ್ದಿ ಬಂತು. ಹೇಳದೆ ಕೇಳದೆ ಗೇಟು ಎತ್ತಿದ್ದಕ್ಕೆ ಮರಿಲಿಂಗಪ್ಪನನ್ನು ವಡಗೇರಾದ ಕಡೆ, ಬಸ್ಸಿಳಿದು ಗಂಟೆಗಟ್ಟಲೆ ನಡೆಯಬೇಕಾದ ಗೇಟಿಗೆ ಹಾಕಿದ್ದಾರೆ.

ಆಗಲಿ, ಅನುಭವಿಸಲಿ ಎಂದುಕೊಂಡಳು. ಅಂದುಕೊಂಡ ಮೇಲೂ ಎದೆಯಲ್ಲಿ ಏನೋ ಭಾರ. ಖಾಲಿ ಗೇಟಿನ ಕಡೆ ನೋಡಬಾರದು ಎಂದುಕೊಂಡೇ ಆ ಒಂದು ದಿನದಲ್ಲಿ ಹತ್ತು ಸಲ ನೋಡಿದಳು.

ನಾಲ್ಕನೇ ದಿನ ಬೆಳಗ್ಗೆ ತಿಮ್ಮವ್ವ ಮೊಮ್ಮಗಳು ಮರೆತುಬಂದ ಬುತ್ತಿ ಹಿಡಿದುಕೊಂಡು ಕಾಲೇಜಿಗೆ ಬಂದಳು. ನೀರೆಲ್ಲ ನೆಲದೊಳಗೆ ಇಂಗಿತ್ತು. ಹುಡುಗಿಯರು ಬೇವಿನ ಮರದ ಕೆಳಗೆ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದರು. ಮುದುಕಿ ಚಪ್ಪಲಿ ಕಳಚಿ ಮೈದಾನಕ್ಕೆ ಇಳಿದಳು. ಹಿಮ್ಮಡಿಯಿಂದ ನೆಲ ಒತ್ತಿದಳು. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಒಡೆದು ನೋಡಿದಳು.

"ಯಾರವ್ವ ಇಲ್ಲಿ ಕಣ ಮಾಡಾಕತ್ತಾರ?"

"ಯಾವ ಕಣ, ಅಮ್ಮ?"

"ನೀರು ಕುಡಿಸ್ಯಾರ. ಹೊಟ್ಟು ತಂದು ಹಾಕ್ಯಾರ. ಕಣ ಅಲ್ಲದ ಮತ್ತೇನಿದು? ಕೆನಾಲ್ ಬರೂ ಮುಂಚೆ ಜ್ವಾಳದ ರಾಶಿಗೆ ಹಿಂಗನ ಮಾಡ್ತಿದ್ವಿ. ಎರಿ ನೆಲಕ್ಕ ಮೊದಲು ಹೊಟ್ಟಿತುಂಬ ನೀರು ಕುಡಿಸೂದು. ಬಿರುಕು ತಾನ ಮುಚ್ತದ. ಹದಾ ಬಂದ ಮ್ಯಾಲ ಹೊಟ್ಟು ಹರವಿ ಕಲ್ಲು ಉರುಳಿಸೂದು. ಆಮ್ಯಾಲ ಸಾಸಿವಿ ಚೆಲ್ಲಿದ್ರ ಆರಿಸ್ಕೋಬೋದು, ಅಂಥಾ ನೆಲ ಆಗ್ತದ. ನೀವೆಲ್ಲಿ ನೋಡೀರಿ... ನೀವು ಹುಟ್ಟೂದ್ರಾಗ ನೆಲ್ಲು ಬಂತು, ಮಷಿನ್ ಬಂತು. ಕಣ ಅನ್ನೂದು ಹೋತು."

ದೇವಕಮ್ಮ ಮರದ ಕೆಳಗಿನಿಂದ ಎದ್ದು ಬಂದಳು.

"ಅಮ್ಮ... ಕೆನಾಲ್ ಬಂದ್ ಆದ ಮ್ಯಾಲ ಇದನ್ನ ಮಾಡಾಕ ಬರ್ತಿತ್ತೇನು?"

"ನೀರಿಲ್ಲದ ಹ್ಯಾಂಗ ಮಾಡ್ತಿ? ಕಡೀ ದಿನದ ನೀರು ಹಿಡದಾನ, ಶ್ಯಾಣ್ಯಾ ಮನಷ್ಯಾ. ಆದ್ರ ಕೇಳಿಲ್ಲಿ, ಹದಾ ಇವತ್ತ ಅದ. ಈ ಬಿಸಲಿಗೆ ನಾಳಿಗೆ ಹೋಗ್ತದ. ಕಲ್ಲು ಎಲ್ಲದ?"

ಹುಡುಗಿಯರು ಇಷ್ಟು ದಿನ ಕೂರುತ್ತಿದ್ದುದೇ ಅದರ ಮೇಲೆ. ಬೇವಿನ ಕೆಳಗೆ ಯಾವ ಕಾಲದಿಂದಲೋ ಬಿದ್ದಿದ್ದ ಉದ್ದನೆಯ ದುಂಡು ಕಲ್ಲು, ರೋಣಗಲ್ಲು. ದೇವಕಮ್ಮ ಬಗ್ಗಿ ನೋಡಿದಳು. ಅದಕ್ಕೆ ಹೊಸ ಮರದ ಚೌಕಟ್ಟು ಕೂಡಿಸಿ, ಹೊಸ ಹಗ್ಗ ಕಟ್ಟಿ ಇಡಲಾಗಿತ್ತು, ಸಿಟ್ಟಿನಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಹಗ್ಗದ ಎರಡೂ ತುದಿಗೆ ಹರಿದ ಲುಂಗಿಯ ಬಟ್ಟೆ ಸುತ್ತಿತ್ತು, ಎಳೆಯುವವರ ಕೈ ಕೊರೆಯದಿರಲಿ ಎಂದು.

ಆ ಬಟ್ಟೆಯನ್ನು ಅವಳು ಗುರುತು ಹಿಡಿದಳು. ಮೊದಲ ದಿನ ಚೆಂಡು ಒರೆಸಿದ್ದು ಅದೇ ಲುಂಗಿಯಿಂದ.

ಆಮೇಲೆ ಅಳಲು ಹೊತ್ತಿರಲಿಲ್ಲ. ಕೆಲವರು ಹೊಟ್ಟು ಹರವಿದರು. ಉಳಿದವರು ಸರದಿಯ ಮೇಲೆ ಹಗ್ಗಕ್ಕೆ ಹೆಗಲು ಕೊಟ್ಟರು. ಮೇಡಂ ಸೀರೆಯ ಸೆರಗು ಸಿಕ್ಕಿಸಿ ಬಂದರು, ಬೇರೆ ತರಗತಿಯವರೂ ಬಂದರು. ತಿಮ್ಮವ್ವ ನಡುವೆ ನಿಂತು ಎಲ್ಲರನ್ನೂ ಬೈದಳು, ಮೇಡಂರನ್ನೂ ಬಿಡಲಿಲ್ಲ. ಹೊತ್ತು ಮುಳುಗುವ ಹೊತ್ತಿಗೆ ಮಸ್ತಾನಬಿ ನೆಲದ ಮೇಲೆ ಅಂಗಾತ ಬಿದ್ದು ಹೇಳಿದಳು. "ನನ್ನ ಹಾಸಿಗಿಗಿಂತ ಇದ ಛಲೋ ಅದ."

ಹನ್ನೆರಡನೇ ದಿನ ಇಬ್ಬರು ಬಂದು ಮೈದಾನದ ಉದ್ದಕ್ಕೂ ಅಡ್ಡಕ್ಕೂ ನಡೆದರು. ಒಬ್ಬರು ಬಗ್ಗಿ ಕೈಯಿಂದ ನೆಲ ತಟ್ಟಿದರು. ಫೈನಲ್ ಇಲ್ಲೇ ಎಂದರು. ದೇವಕಮ್ಮನ ಎದೆಯ ಭಾರ ಅರ್ಧ ಇಳಿಯಿತು. ಇನ್ನರ್ಧ ವಡಗೇರಾದಲ್ಲಿತ್ತು.

ಮೊದಲು ಸಾಹೇಬರ ಹತ್ತಿರ ಹೋದಳು. ಅವರು ಹೊಸ ಅರ್ಜಿ ಓದಿ ಕನ್ನಡಕ ತೆಗೆದರು. "ಶಿಕ್ಷಾ ಕೊಡ್ರಿ ಅಂತ ಬರದಾಕಿನೂ ನೀನ, ಮಾಫ್ ಮಾಡ್ರಿ ಅನ್ನಾಕಿನೂ ನೀನ?"

"ಹೌದ್ರಿ ಸಾಹೇಬ್ರ. ತಪ್ಪು ನಂದು."

"ಕಡೀ ದಿನದ ನೀರು, ಹ್ಯಾಂಗಾರ ಹಳ್ಳಕ್ಕ ಹೋಗೂದು. ಆದ್ರ ಕೇಳಬೇಕಿತ್ತು. ಮಳಿಗಾಲಕ್ಕ ನೀರು ಬಿಟ್ಟ ಮ್ಯಾಲ ಹಳೇ ಗೇಟಿಗೆ ಬರ್ಲಿ, ಹೋಗು."

ಅಲ್ಲಿಂದ ವಡಗೇರಾದ ಬಸ್ಸು, ಆಮೇಲೆ ಒಣಗಿದ ಕಾಲುವೆಯ ದಂಡೆಯ ಮೇಲೆ ನಡಿಗೆ. ಮರಿಲಿಂಗಪ್ಪ ಗೇಟಿನ ತಿರುಪಿಗೆ ಗ್ರೀಸ್ ಹಚ್ಚುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ.

"ಆ ಅರ್ಜಿ ನಾನ ಬರದದ್ದು," ಎಂದಳು ಅವಳು, ಉಸಿರು ಸಹ ಬಿಡದೆ.

"ಗೊತ್ರಿ. ಸಾಹೇಬರು ಓದಾಕ ಕೊಟ್ಟಿದ್ರು. ಅಕ್ಷರ ಭಾಳ ಛಂದ ಅದಾವ."

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಕಣ್ಣು ತುಂಬಿ ಬಂತು.

"ಯಾಕ ಮೊದಲ ಹೇಳಲಿಲ್ಲ ನೀವು?"

"ಹೇಳಿದ್ರ ನೀವು ಸಾಹೇಬರಿಗೆ ಕೇಳೂಣು ಅಂತಿದ್ರಿ. ಅವರು ನಾಳೆ ಬಾ ಅಂತಿದ್ರು. ನಾಳಿಗೆ ನೀರೆಲ್ಲಿ ಇತ್ರಿ? ಮತ್ತ ಕೇಳದ ಎತ್ತಿದ ನೀರು, ನನ್ನೊಬ್ಬನ ತಲಿ ಮ್ಯಾಲ ಇರ್ಲಿ ಅಂದೆ." ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಕೇಳಿದ. "ಹದಾ ಸಿಕ್ತೇನ್ರಿ?"

"ಸಿಕ್ತು. ನಮ್ಮಮ್ಮ ಗುರ್ತು ಹಿಡದಳು."

ಅವನ ಮುಖ ಅರಳಿತು. ಅಷ್ಟು ದಿನ ಅವನು ಹೆದರಿದ್ದು ಶಿಕ್ಷೆಗಲ್ಲ, ಹದ ತಪ್ಪಿಹೋಗುತ್ತದೆ ಎಂಬುದಕ್ಕೆ ಎಂದು ದೇವಕಮ್ಮನಿಗೆ ಆಗ ತಿಳಿಯಿತು.

"ಫೈನಲ್ಲಿಗೆ ಬರ್ರಿ," ಎಂದಳು.

"ಗೇಟ್ ಬಿಟ್ಟು ಹ್ಯಾಂಗ ಬರ್ಲಿ?"

"ನೀರಿಲ್ಲದ ಗೇಟ್ ಎಲ್ಲಿ ಓಡಿ ಹೋಗ್ತದ್ರಿ?"

ಅವನು ನೋಡುತ್ತೇನೆ ಎಂದಷ್ಟೇ ಹೇಳಿದ.

ಫೈನಲ್ ದಿನ ಬಿಸಿಲು ಇಳಿದ ಮೇಲೆ ಆಟ ಶುರುವಾಯಿತು. ಹುಡುಗಿಯರ ಮನೆಯವರೆಲ್ಲ ಬಂದಿದ್ದರು, ಮೈದಾನ ತಮ್ಮೂರಲ್ಲೇ ಇತ್ತಲ್ಲ. ದೇವಕಮ್ಮ ಆಟದ ನಡುವೆ ಮೂರು ಸಲ ದಂಡೆಯ ಕಡೆ ನೋಡಿದಳು. ಬಂದಿಲ್ಲ... ನಾಲ್ಕನೇ ಸಲ ನೋಡಿದಾಗ ಹಳೆಯ ಗೇಟಿನ ಕಟ್ಟೆಯ ಮೇಲೆ ಅವನು ಕೂತಿದ್ದ. ಆಮೇಲೆ ಅವಳ ಕಾಲು ನೆಲಕ್ಕೆ ತಾಗಿದ್ದನ್ನು ಯಾರೂ ನೋಡಲಿಲ್ಲ ಎಂದು ಮಸ್ತಾನಬಿ ಇವತ್ತಿಗೂ ಹೇಳುತ್ತಾಳೆ. ಒಂದು ಗೋಲು ದೇವಕಮ್ಮನದು. ಕೊನೆಯಲ್ಲಿ ಯಾದಗಿರಿಯವರ ಹೊಡೆತವನ್ನು ಮಸ್ತಾನಬಿ ಹಾರಿ ಹಿಡಿದಳು. ಕೊನೆಯ ಸೀಟಿ ಊದಿದರು. ಗೆದ್ದಿದ್ದರು.

ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದಾಗ ದೇವಕಮ್ಮ ಚೆಂಡನ್ನು ನೆಲಕ್ಕಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಜೋರಾಗಿ ಒದ್ದಳು. ಚೆಂಡು ದಂಡೆ ದಾಟಿ ಕಾಲುವೆಗೆ ಬಿತ್ತು.

"ಗಾಳಿ ಅದ," ಎಂದಳು ಮಸ್ತಾನಬಿ, ಯಾರೂ ಕೇಳದಿದ್ದರೂ.

ದೇವಕಮ್ಮ ದಂಡೆ ಹತ್ತಿದಾಗ ಮರಿಲಿಂಗಪ್ಪ ಒಣ ಕಾಲುವೆಯ ತಳದಲ್ಲಿ ಚೆಂಡು ಹಿಡಿದು ನಿಂತಿದ್ದ.

"ನೀರಿಲ್ಲದಿದ್ರೂ ಬೀಳ್ತದಲ್ರಿ ನಿಮ್ಮ ಚೆಂಡು."

"ಬಿದ್ದಿಲ್ಲ. ನಾನ ಒದ್ದೀನಿ."

"ಇವತ್ತೇನ್ರಿ?"

"ಮೊದಲನೇ ಸರ್ತಿ ಬಿಟ್ಟು ಎಲ್ಲಾ ಸರ್ತಿನೂ." ಹೇಳಿಬಿಟ್ಟಳು. ಎದೆ ಹಗುರಾಯಿತು.

ಅವನು ಚೆಂಡನ್ನು ಎರಡು ಸಲ ತಿರುಗಿಸಿ ನೋಡಿದ. "ಗೊತ್ತಿತ್ರಿ."

"ಗೊತ್ತಿತ್ತಾ? ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಒದಿಯೂದು ಬಿಡ್ತಿದ್ರಿ."

ದೇವಕಮ್ಮ ನಕ್ಕಳು, ಅತ್ತಳು, ಎರಡೂ ಒಟ್ಟಿಗೇ. ಆಮೇಲೆ ಬಗ್ಗಿ ಅವನ ಕಡೆಗೆ ಕೈ ಚಾಚಿದಳು.

"ಈಗ ಪಾಚಿ ಇಲ್ಲ. ಮ್ಯಾಲ ಬಾ."

ಅವಳ ಮಾತಿನಲ್ಲಿ 'ರಿ' ಇರಲಿಲ್ಲ ಎಂಬುದನ್ನು ಅವನು ಕೇಳಿಸಿಕೊಂಡ. ಚೆಂಡನ್ನು ಬಗಲಲ್ಲಿ ಇಟ್ಟುಕೊಂಡು ಅವಳ ಕೈ ಹಿಡಿದ.

"ಬಂದೆ, ದೇವಕಿ," ಎಂದ.