ಕ್ಯಾಪ್ಟನ್ ಸಹಿ ಹಾಕಿದ ಬೆಳಿಗ್ಗೆ

ಏಳೂವರೆಗೆ ಅವಳು ಹೊಲಿಗೆ ಮೆಷಿನ್ ನಿಲ್ಲಿಸಿ, ಪಕ್ಕದಲ್ಲಿದ್ದ, ದೂರದೂರದ ಹವ್ಯಾಸಿಗಳೊಡನೆ ಮಾತಾಡುವ ಹ್ಯಾಮ್ ರೇಡಿಯೊ ಹಾಕಿದಳು. ಮೆಷಿನ್ನಿನ ಮೋಟರ್ ಓಡುತ್ತಿದ್ದರೆ ರೇಡಿಯೊದಲ್ಲಿ ಗೊರಗೊರ ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಈ ರೇಡಿಯೊದಲ್ಲೇ ಪರಿಚಯವಾದ ಹಡಗಿನ ಇಂಜಿನಿಯರ್ ಮಾತಾಡಿ ಇಂದಿಗೆ ಹನ್ನೊಂದು ದಿನ.

ಮುಖ ನೋಡದೆಯೇ ನಾಲ್ಕು ತಿಂಗಳು ಹರಟಿದ್ದರು. ಕೊನೆಯ ದಿನ ಅವನು, "ನಿಮ್ಮ ಬಂದರಿಗೇ ಬರ್ತಿದ್ದೀವಿ. ನಿಮ್ಮನ್ನ ನೋಡಬಹುದಾ?" ಎಂದು ಕೇಳಿದ್ದ. ಒಳಗೊಳಗೇ ಖುಷಿಯಾದರೂ ಅವಳು ಬಿಂಕದಿಂದ, "ನೋಡೋಣ," ಎಂದಿದ್ದಳು. ಮರುದಿನದಿಂದ ಮಾತಿಲ್ಲ.

"ಅಷ್ಟಕ್ಕೇ ಮುನಿಸಿಕೊಂಡ್ರೆ ಹೋಗ್ಲಿ ಬಿಡೇ," ಎಂದಳು ಅಮ್ಮ, ಅಂಗಿಗೆ ಗುಂಡಿ ಹಚ್ಚುತ್ತ. "ಸ್ಕೂಲ್ ಯೂನಿಫಾರ್ಮ್ ಇವತ್ತೇ ಕೊಡಬೇಕು."

"ಐದೇ ನಿಮಿಷ, ಅಮ್ಮ."

"ಹನ್ನೊಂದು ದಿನದಿಂದ ಅದೇ ಐದು ನಿಮಿಷ!"

ಹಾಗೆಂದರೂ ಅಮ್ಮ ಕತ್ತರಿಯನ್ನು ಸದ್ದಾಗದಂತೆ ಕೆಳಗಿಟ್ಟಳು.

ಅಷ್ಟರಲ್ಲಿ ರೇಡಿಯೊದಲ್ಲಿ ಅವಳನ್ನು ಕರೆಯುವ ಅವನ ದನಿ!

"ಬದುಕಿದ್ದೀರಾ?" ಎಂದಳು ಅವಳು, ಆದಷ್ಟು ಗಡುಸಾಗಿ.

"ಹಳೇ ಕ್ಯಾಪ್ಟನ್ ಇಳಿದು ಹೋದ್ರು. ಅವರ ಜೊತೆ ನನ್ನ ಪರ್ಮಿಷನ್ನೂ ಹೋಯ್ತು. ಹಡಗಲ್ಲಿ ಹ್ಯಾಮ್ ಸೆಟ್ ಹಾಕೋಕೆ ಕ್ಯಾಪ್ಟನ್ ಸಹಿ ಬೇಕು. ಹೊಸಬರು ಆಂಟೆನಾ ನೋಡಿ, ಹಡಗಿನ ರೇಡಿಯೊಗೆ ತೊಂದರೆ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಈಗಷ್ಟೇ ಸಹಿ ಹಾಕಿದ್ರು."

"ಕದ್ದು ಒಂದು ಮಾತು ಹೇಳೋಕೂ ಆಗ್ಲಿಲ್ವಾ?"

"ಕದ್ದು ಮಾತಾಡೋನನ್ನ ನೀವು ನಂಬ್ತೀರಾ?"

ಹನ್ನೊಂದು ದಿನದಿಂದ ಕೂಡಿಟ್ಟ ಬೈಗುಳಗಳಲ್ಲಿ ಒಂದೂ ಅವಳ ಉಪಯೋಗಕ್ಕೆ ಬರಲಿಲ್ಲ.

"ಇನ್ನು ಐದು ನಿಮಿಷಕ್ಕೆ ದೇಶದ ಸಮುದ್ರದ ಗಡಿ ಬರುತ್ತೆ," ಎಂದ ಅವನು. "ಅದರೊಳಗೆ ಹಡಗಿಂದ ಮಾತಾಡೋಕೆ ನನಗೆ ಲೈಸೆನ್ಸ್ ಇಲ್ಲ, ಸೆಟ್ ಆಫ್ ಮಾಡಬೇಕು. ಅದಕ್ಕೇ ನೇರವಾಗಿ ಹೇಳ್ತೀನಿ. ನೀವಂದ್ರೆ ನನಗೆ ಇಷ್ಟ. ನಿಮಗೆ?"

ಅವಳ ಕಿವಿ ಬಿಸಿಯಾಯಿತು. "ಇದನ್ನ ಎಷ್ಟು ಜನ ಕೇಳಿಸ್ಕೊಳ್ತಿದ್ದಾರೋ!"

"ಕೇಳಿಸ್ಕೊಳ್ಳಲಿ. ಹ್ಯಾಮ್ ರೇಡಿಯೊದಲ್ಲಿ ಗುಟ್ಟಿಗೆ ಜಾಗ ಇಲ್ವಲ್ಲ."

ನಡುವೆ, ರೇಡಿಯೊದಲ್ಲಿ ಇದನ್ನೆಲ್ಲ ಕೇಳುತ್ತಿದ್ದ ಯಾವುದೋ ಊರಿನ ಅಜ್ಜನ ದನಿ ತೂರಿಬಂತು. "ಬೇಗ ಹೇಳಮ್ಮ ತಾಯಿ, ನನ್ನ ಕಾಫಿ ಆರಿಹೋಗ್ತಿದೆ!"

"ಮತ್ತೆ 'ನೋಡೋಣ' ಅಂದ್ಯೋ, ನೋಡು," ಎಂದಳು ಅಮ್ಮ, ದಾರವನ್ನು ಹಲ್ಲಿನಿಂದ ಕಡಿದು.

ಅವಳು ಮೈಕಿನ ಬಟನ್ ಒತ್ತಿದಳು. "ನನಗೂ ಇಷ್ಟ. ಸಂಜೆ ಐದಕ್ಕೆ ಬಂದರಿನ ಗೇಟಿಗೆ ಬರ್ತೀನಿ. ಕೊರಳಲ್ಲಿ ಅಳತೆ ಟೇಪ್ ಇರುತ್ತೆ, ಗುರುತು ಹಿಡೀರಿ."

"ನೀವು ಒಂದೇ ಒಂದು ಮಾತಾಡಿ, ಸಾಕು. ಕಣ್ಣು ಮುಚ್ಚಿದ್ರೂ ಗುರುತು ಹಿಡೀತೀನಿ."

ಗಡಿ ಬಂತು. ಮಾತು ನಿಂತಿತು. ಈ ಸಲದ ಮೌನ ಅವಳಿಗೆ ಹೆದರಿಕೆ ಹುಟ್ಟಿಸಲಿಲ್ಲ.

ಅವಳು ಮೆಷಿನ್ ಕಡೆ ತಿರುಗಿದರೆ, ಸೂಜಿಗೆ ದಾರ ಪೋಣಿಸಿಕೊಂಡು ಅಮ್ಮ ಆಗಲೇ ಅಲ್ಲಿ ಕೂತಿದ್ದಳು.

"ಸಂಜೆಗಿನ್ನೂ ಎಷ್ಟು ಹೊತ್ತಿದೆ, ಅಮ್ಮ!"

"ಇದ್ರೇನು? ಇವತ್ತು ನೀನು ಹೊಲಿದ್ರೆ ಆ ಮಕ್ಕಳಿಗೆ ಮೂರು ತೋಳಾಗುತ್ತೆ. ಹೋಗು, ತಲೆ ಬಾಚ್ಕೋ."