ಅವನು ಓಡಿಸಿದರೆ ಬೀಳುವ ಮುಳ್ಳು

"ಈ ನಟ್ಟು ನೀವೇ ಸಡಿಲ ಮಾಡ್ಕೊಂಡು ಬಂದಿದ್ದಲ್ವಾ? ನಿಜ ಹೇಳಿ!"

ಪ್ರತಿಭಾ ಸ್ಪೀಡೋಮೀಟರಿನ ಕೇಬಲ್ ತುದಿಯನ್ನು ಸುಜಯನ ಮುಖದೆದುರು ಹಿಡಿದಳು. ಅವಳ ಮೊಣಕೈವರೆಗೆ ಗ್ರೀಸು.

ಸುಜಯ ಸಿದ್ದಾಪುರದ ಪಶುವೈದ್ಯ. ಒದೆಯುವ ಎಮ್ಮೆಗೂ ಹೆದರದವನು ಈಗ ಹಿಂದೆ ಸರಿದ.

"ನಾನಾ? ಎಂತಕ್ಕೆ ಮಾಡ್ಲಿ?"

"ಎಂತಕ್ಕೆ ಅಂತ ಈ ರಸ್ತೆಗೆಲ್ಲ ಗೊತ್ತು!"

ಪಕ್ಕದ ಚಹಾದಂಗಡಿಯ ಗಂಗಕ್ಕ ಲೋಟ ತೊಳೆಯುತ್ತಲೇ ಬಾಯಿ ಹಾಕಿದಳು. "ಕಾಯಿಲೆ ಕಾರಿಗಲ್ಲ ಮಾರಾಯ್ತಿ, ಡಾಕ್ಟ್ರಿಗೇ. ಔಷಧಿ ನಿನ್ನ ಹತ್ರ!"

ಪ್ರತಿಭಾಳ ಮುಖ ಬಿಸಿಯಾಯಿತು. ಸಿಟ್ಟಿನಿಂದ. ಬರೀ ಸಿಟ್ಟಿನಿಂದಲೇ... ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಶಿರಸಿಯ ಯಲ್ಲಾಪುರ ರಸ್ತೆಯಲ್ಲಿ ಅವಳು ಗ್ಯಾರೇಜು ಹಾಕಿ ವರ್ಷವೂ ಆಗಿರಲಿಲ್ಲ. ಹೆಣ್ಣಿಗೆಂತ ಗಾಡಿ ರಿಪೇರಿ ಎಂದವರೇ ಈಗ ಗಿರಾಕಿಗಳು. ಆದರೆ ಸುಜಯನ ಈ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು, ಸರಿಮಾಡಿ ಕಳಿಸಿದಷ್ಟೂ ಸಲ ವಾಪಸು ಬಂದಿತ್ತು. ಇನ್ನೊಮ್ಮೆ ಬಂದರೆ ಊರು ಹೇಳುವುದು ಒಂದೇ ಮಾತು: ಅವಳ ಕೈಲಿ ಆಗಲಿಲ್ಲ.

ಕೇಬಲ್ ಹೊಸದು. ಗೇರ್‌ಬಾಕ್ಸಿನ ಬದಿಯ ಹಲ್ಲುಗಳು ಸರಿ. ಕೇಬಲ್ ತುದಿಗೆ ಡ್ರಿಲ್ ಕೊಟ್ಟು ತಿರುಗಿಸಿದರೆ ಮೀಟರಿನ ಮುಳ್ಳು ಚಂದವಾಗಿ ಏಳುತ್ತದೆ. ಅವಳೊಬ್ಬಳೇ ಓಡಿಸಿ ನೋಡಿದರೂ ಏಳುತ್ತದೆ. ಅವನು ಒಯ್ದರೆ ಮಾತ್ರ ಕಾನಸೂರು ದಾಟುವುದರೊಳಗೆ ಸೊನ್ನೆಗೆ ಬೀಳುತ್ತದೆ! ಬಿಚ್ಚಿ ನೋಡಿದರೆ ಪ್ರತಿ ಸಲವೂ ಮೀಟರಿನ ಹಿಂದಿನ ನಟ್ಟು ಸಡಿಲ.

"ಆನು ಮುಟ್ಟಿದ್ನಿಲ್ಲೆ." ನೋವಾದರೆ ಸುಜಯನ ಬಾಯಲ್ಲಿ ಮನೆಮಾತು ಬಂದುಬಿಡುತ್ತಿತ್ತು. ತಡೆದು ಹೇಳಿದ, "ನಂಬಿಕೆ ಇಲ್ಲದಿದ್ರೆ ಬೇಡ. ಇನ್ನು ಈ ಕಡೆ ಬರೋದಿಲ್ಲ."

ಬರೋದಿಲ್ಲವಂತೆ. ಒಳ್ಳೆಯದೇ ಆಯಿತಲ್ಲ... ಮತ್ಯಾಕೆ ಬೇಜಾರು?

ಅವನು ಬಾಗಿಲು ತೆಗೆದು, ಕಾಲು ಮಡಚಿಕೊಂಡು ಒಳಗೆ ಕೂತ. ನೋಡುತ್ತ ನಿಂತವಳಿಗೆ ಥಟ್ಟನೆ ಹೊಳೆಯಿತು. ಮುಳ್ಳು ಬೀಳುವುದನ್ನು ತಾನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ!

ಗಂಡಸು ಗಿರಾಕಿಯ ಪಕ್ಕ ಕೂತು ಹೋಗಬಾರದು. ಗ್ಯಾರೇಜು ಹಾಕಿದ ದಿನವೇ ಅವಳು ಮಾಡಿಕೊಂಡ ನಿಯಮವದು, ಜನರ ಬಾಯಿಗೆ ಹೆದರಿ. ಅದಕ್ಕೇ ಎಲ್ಲ ಪರೀಕ್ಷೆಯೂ ಒಬ್ಬಳದೇ.

"ನಿಲ್ಲಿ! ನೀವೇ ಓಡಿಸಿ. ನಾನು ಪಕ್ಕ ಕೂರ್ತೇನೆ."

ಲೋಟ ತೊಳೆಯುವ ಸದ್ದು ನಿಂತಿತು. ಪ್ರತಿಭಾ ಕೇಬಲ್ ಸಿಕ್ಕಿಸಿ, ನಟ್ಟು ಬಿಗಿದು, ಪಕ್ಕದ ಸೀಟಿನಲ್ಲಿ ಕೂತಳು.

ಸುಜಯ ಪೇಟೆ ಬಿಟ್ಟು ಒಳರಸ್ತೆ ಹಿಡಿದ. ಜನರ ಕಣ್ಣು ತಪ್ಪಿಸಲು. ಅವಳಿಗೆ ಅರ್ಥವಾಯಿತು.

ಕಾನಸೂರಿನ ತಿರುವುಗಳು ಶುರುವಾದವು. ಪ್ರತಿಭಾ ಬಗ್ಗಿ ಡ್ಯಾಶಿನ ಅಡಿಗೆ ಟಾರ್ಚ್ ಹಿಡಿದಳು. ಅವನು ಕ್ಲಚ್ ತುಳಿದ, ಗೇರು ಇಳಿಸಿದ, ಕಾಲು ಮೇಲೆತ್ತಿದ.

"ಮಂಡಿ!" ಅವಳು ಕೂಗಿದಳು.

"ಎಂತಾಯ್ತು ಮಂಡಿಗೆ?"

"ಮೀಟರ್ ನೋಡಿ!"

ಮುಳ್ಳು ಸೊನ್ನೆಯಲ್ಲಿತ್ತು.

ಕಾರು ಬದಿಗೆ ನಿಂತಿತು. "ಈ ಕಾರಿಗೆ ನೀವು ಉದ್ದ ಜಾಸ್ತಿ," ಅವಳು ಏದುಸಿರಿನಲ್ಲಿ ಹೇಳಿದಳು. "ಕಾಲೆತ್ತಿದಾಗೆಲ್ಲ ಮಂಡಿ ಕೇಬಲ್ಲಿಗೆ ಗುದ್ದುತ್ತೆ. ಗುದ್ದಿ ಗುದ್ದಿ ನಟ್ಟು ಸಡಿಲ ಆಗಿ, ತುದಿ ಮೀಟರಿಂದ ಈಚೆ ಜಾರುತ್ತೆ. ನನ್ನ ಮಂಡಿ ಅಲ್ಲಿಗೆ ಎಟುಕೋದೇ ಇಲ್ಲ!"

ಅವಳು ಕೇಬಲನ್ನು ಮಂಡಿಗೆ ಸಿಗದಂತೆ ಮೇಲಿನಿಂದ ಎಳೆದು ಕಟ್ಟಿದಳು, ನಟ್ಟು ಬಿಗಿದಳು. ಸಿದ್ದಾಪುರದವರೆಗೂ ಹೋದರು. ಮುಳ್ಳು ಬೀಳಲಿಲ್ಲ.

ವಾಪಸು ಬರುವಾಗ ಅವಳೇ ಬಾಯಿಬಿಟ್ಟಳು. "ನಾನು ತಪ್ಪು ತಿಳ್ಕೊಂಡೆ. ಸಾರಿ. ಕಾರು ಇನ್ನು ವಾಪಸು ಬರೋದಿಲ್ಲ."

"ನಾನು?"

ಅವಳು ಮೀಟರಿನ ಮುಳ್ಳನ್ನೇ ನೋಡಿದಳು.

"ನಟ್ಟು ನಾನು ಮುಟ್ಟಿಲ್ಲ, ಪ್ರತಿಭಾ. ಆದ್ರೆ ಮುಳ್ಳು ಬಿದ್ದಾಗೆಲ್ಲ ಖುಷಿ ಪಟ್ಟಿದ್ದು ಹೌದು. ನಿಮ್ಮನ್ನ ನೋಡ್ಬಹುದಲ್ಲ ಅಂತ... ನಂಗೆ ನೀವು ಬೇಕು."

ಹೂಂ ಎನ್ನಬೇಕೆನಿಸಿತು ಅವಳಿಗೆ. ಆದರೂ ಕೇಳಬೇಕಾದ್ದನ್ನು ಕೇಳಿದಳು. "ನಮ್ಮದು ನಂದೊಳ್ಳಿಯಲ್ಲಿ ಗದ್ದೆ ಮಾಡೋ ಮನೆ. ಜಾತಿ ಬೇರೆ. ನಿಮ್ಮ ಅಮ್ಮ ಒಪ್ತಾರಾ?"

"ಹೇಳಿ ಆಗಿದೆ. ಆಯಿ ನನ್ನ ಹತ್ರ ಮಾತು ಬಿಟ್ಟಿದ್ದಾಳೆ. ನಾನು ಹಟ ಬಿಟ್ಟಿಲ್ಲ."

ಸುಳ್ಳು ಸಮಾಧಾನ ಹೇಳಲಿಲ್ಲ ಇವನು! ಅವಳಿಗೆ ಅದೇ ಸಾಕಾಯಿತು.

ಶಿರಸಿ ಬಂತು. ಸುಜಯ ಇಂಡಿಕೇಟರ್ ಹಾಕಿದ. "ಒಳರಸ್ತೆಗೇ ತಿರುಗಿಸ್ತೇನೆ."

"ಬೇಡ. ಪೇಟೆ ಮೇಲೇ ಹೋಗಿ."

"ಎಲ್ಲರೂ ನೋಡ್ತಾರೆ."

"ನೋಡ್ಲಿ. ನಂಗೂ ನೀವು ಬೇಕು. ನಿಮ್ಮ ಪಕ್ಕ ಕೂರೋದನ್ನ ನಾನು ಕದ್ದು ಮಾಡೋದಿಲ್ಲ."

ಅವನು ಇಂಡಿಕೇಟರ್ ಆರಿಸಿದ. ಆಮೇಲೆ ಮೆಲ್ಲಗೆ ಕೇಳಿದ, "ಹಂಗಾದ್ರೆ... ಸ್ವಲ್ಪ ನಿಧಾನ ಹೋಗ್ಲಾ?"

ಅವಳು ಗ್ರೀಸಿನ ಕೈಯನ್ನು ಗೇರಿನ ಮೇಲಿದ್ದ ಅವನ ಕೈಮೇಲಿಟ್ಟಳು.

"ನಿಧಾನಾನೇ ಹೋಗಿ, ಮಾರಾಯ್ರೆ."