ಒಂಬತ್ತನೇ ಪಾಕೆಟ್

ತನ್ನ ಒಂಬತ್ತನೇ ನಂಬರಿನ ಅಂಗಿ ಇನ್ನೊಬ್ಬನ ಮೈಮೇಲೆ ಓಡಾಡುವುದನ್ನು ಹಳೆ ನಾಯಕ ಇಡೀ ಸೀಸನ್ನು ಬೆಂಚಿನ ಮೇಲೆ ಕೂತು ನೋಡಿದ್ದ. ಹನ್ನೊಂದು ವರ್ಷ ಕೆಳಗಿನ ಡಿವಿಷನ್ನಿನ ಕೆಸರಿನಲ್ಲಿ ಫುಟ್ಬಾಲ್ ಆಡಿ ಮಂಡಿ ಸವೆಸಿದವನು ಇವನು. ಮೇಲಿನಿಂದ ಇಳಿದು ಬಂದು, ಇಪ್ಪತ್ತೆರಡು ಗೋಲು ಹೊಡೆದು, ಊರಿಗೆಲ್ಲ ಸ್ಟಾರ್ ಆದವನು ಅವನು. "ಒಬ್ಬನೇ ಬಂದು ತಂಡಾನೇ ಎತ್ತಿಬಿಟ್ಟ" ಅಂತ ಕ್ಷೌರದಂಗಡಿಯಲ್ಲೂ ಅದೇ ಮಾತು. ಎತ್ತಿದನಂತೆ! ಉಳಿದ ಹತ್ತು ಜನ ಏನು ಮೈದಾನದಲ್ಲಿ ಹುಲ್ಲು ಕೀಳುತ್ತಿದ್ದರೇ?

ಇವತ್ತು ಕೊನೆಯ ಪಂದ್ಯ. ಗೆದ್ದರೆ ತಂಡ ಮೇಲಿನ ಡಿವಿಷನ್ನಿಗೆ. ಮುಂದಿನ ವರ್ಷಕ್ಕೆ ಮಂಡಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಬೆಳಿಗ್ಗೆ ಮಗಳು ಕೇಳಿದ್ದಳು: "ಅಪ್ಪಾ, ಇವತ್ತಾದ್ರೂ ಆಡ್ತೀಯಾ, ಇಲ್ಲಾ ನೀರಿನ ಬಾಟ್ಲಿ ಕಾಯ್ತೀಯಾ?"

"ಮೊದಲಿಂದಲೇ ಆಡ್ತೀನಿ, ನೋಡ್ತಿರು."

ಅದಕ್ಕೆ ಯಾರ ಕಾಲನ್ನೂ ಮುರಿಯಬೇಕಾಗಿರಲಿಲ್ಲ. ಗುರುತಿನ ಕಾರ್ಡು ರೆಫರಿಯ ಕೈಗೆ ಸಿಗದಿದ್ದರೆ ದೇವರೇ ಬಂದರೂ ಆಟವಿಲ್ಲ. ಕಾರ್ಡುಗಳೆಲ್ಲ ತಂಡದ ಮುದಿ ಸೆಕ್ರೆಟರಿಯ ಹಳೆ ಆಲ್ಬಮ್ಮಿನಲ್ಲಿ, ಅಂಗಿಯ ನಂಬರಿಗೊಂದು ಪ್ಲಾಸ್ಟಿಕ್ ಪಾಕೆಟ್ಟಿನಂತೆ ಇದ್ದವು. ಪ್ರತಿ ಪಂದ್ಯಕ್ಕೂ ಮುದುಕ ಆಲ್ಬಮ್ಮನ್ನು ಡ್ರೆಸ್ಸಿಂಗ್ ರೂಮಿನ ಮೇಜಿನ ಮೇಲಿಟ್ಟು ರೆಫರಿಯನ್ನು ಕರೆತರಲು ಗೇಟಿಗೆ ಹೋಗುತ್ತಿದ್ದ. ಹೋಗಿಬರಲು ನಾಲ್ಕು ನಿಮಿಷ. ಮೂರು ಪಂದ್ಯಗಳಲ್ಲಿ ಹಳೆ ನಾಯಕ ಗಡಿಯಾರ ಹಿಡಿದು ನೋಡಿದ್ದ. ಉಳಿದವರೆಲ್ಲ ಮೈದಾನಕ್ಕಿಳಿದಾಗ ಮಂಡಿಗೆ ಪಟ್ಟಿ ಕಟ್ಟುವ ನೆಪದಲ್ಲಿ ಇವನೊಬ್ಬ ಒಳಗೆ ಉಳಿದರೆ ಯಾರೂ ಯಾಕೆಂದು ಕೇಳುವುದಿಲ್ಲ.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಒಂಬತ್ತನೇ ಪಾಕೆಟ್ಟಿಗೆ ಎರಡು ಬೆರಳು ತೂರಿಸಿದ. ಆ ನಗುಮುಖದ ಫೋಟೋ ನೋಡುವ ಮನಸ್ಸಿಲ್ಲದೆ ಕಣ್ಣು ಬಾಗಿಲ ಮೇಲಿಟ್ಟ. ಸೆಕೆಗೆ ಪ್ಲಾಸ್ಟಿಕ್ಕು ಅಂಟಿಕೊಂಡು ಸತಾಯಿಸಿತು. ಕಾರ್ಡೂ ದಪ್ಪ. ಅವನದೆಲ್ಲ ಒಂದು ಕೈ ಜಾಸ್ತಿಯೇ ಎಂದು ಹಲ್ಲು ಕಡಿದ. ಬಚ್ಚಲಿನ ಹಿಂದಿನ ಚರಂಡಿಯ ಜಾಲರಿಯ ಸಂದಿಯಲ್ಲಿ ಅದನ್ನು ಒಳಕ್ಕೆ ತಳ್ಳಿದ. ಕೆಳಗೆ ನೀರು ಹರಿಯುತ್ತಿತ್ತು. ವಾಪಸು ಬಂದು ನಿಧಾನವಾಗಿ ಪಟ್ಟಿ ಕಟ್ಟಿಕೊಂಡ.

ಆಮೇಲೆ ಗಲಾಟೆಯೋ ಗಲಾಟೆ. ಸೆಕ್ರೆಟರಿ ಚೀಲ ಕೊಡವಿದ, ಮೇಜಿನಡಿ ತೆವಳಿದ, ಕೈಮುಗಿದ. ರೆಫರಿ ಜಗ್ಗಲಿಲ್ಲ. ಸ್ಟಾರ್ ಶೂಸು ಬಿಚ್ಚಿ, ನೇರ ಇವನ ಹತ್ತಿರ ಬಂದ.

"ಅಣ್ಣಾ, ನೀವೇ ಗೆಲ್ಲಿಸಿಕೊಡಿ. ನಿಮ್ಮಿಂದಾಗುತ್ತೆ."

ಹಳೆ ನಾಯಕನಿಗೆ ನಾಚಿಕೆಯಾಯಿತು. ಆದರೆ ಅಷ್ಟರಲ್ಲಿ ಕೋಚ್ ಅವನ ಹೆಗಲು ತಟ್ಟಿ, "ನೀನೇ ಇಳಿ, ಮೊದಲಿಂದಲೇ" ಎಂದಾಗ ನಾಚಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕಿಟಕಿಯಿಂದ ಪ್ರೇಕ್ಷಕರ ಮೆಟ್ಟಿಲ ಸಾಲು ಕಾಣುತ್ತಿತ್ತು. ಮಗಳು ಮೊದಲ ಸಾಲಿನಲ್ಲೇ ಕೂತಿದ್ದಳು. ಅವನು ಕೈಯೆತ್ತಿದ. ಅವಳು ಎದ್ದು ನಿಂತು ಚಪ್ಪಾಳೆ ತಟ್ಟಿದಳು.

"ಇವರ ಕಾರ್ಡು?" ರೆಫರಿ ಕೈಚಾಚಿದ. "ಹತ್ತೊಂಬತ್ತರಲ್ಲಿದೆ ಸಾರ್" ಎಂದು ಇವನೇ ಮುಂದಾಗಿ ತನ್ನ ಹೊಸ ನಂಬರಿನ ಪಾಕೆಟ್ ತೆರೆದ. ಅದು ಖಾಲಿಯಿತ್ತು. ಸೆಕ್ರೆಟರಿ ಬೆವರು ಒರೆಸಿಕೊಳ್ಳುತ್ತ ಅವನ ಮುಖ ನೋಡಿದ. "ಅಲ್ಲಿಗೆ ನಾನು ಹಾಕೇ ಇರಲಿಲ್ಲ ಕಣಯ್ಯಾ. ಹನ್ನೊಂದು ವರ್ಷ ನೀನಿದ್ದ ಜಾಗ, ತೆಗೆಯೋಕೆ ಮನಸ್ಸು ಬರಲಿಲ್ಲ. ಒಂಬತ್ತರಲ್ಲೇ ಅವನದರ ಹಿಂದೆ ನಿಂದೂ ಇತ್ತು."